ಕೋಟಿನ ಜೇಬಿನಲ್ಲಿ ಹೋದ ವಿಲ್

ಎಂಬತ್ಮೂರನೇ ಇಸವಿಯ ಬೇಸಿಗೆಯಲ್ಲಿ ಬಿಳಿಚೋಡಿನ ಕಲ್ಲೇಶಪ್ಪ ತೀರಿಕೊಂಡಾಗ ಅವರ ಹೆಂಡತಿ ಕೊಟ್ರಮ್ಮ ಒಂದೇ ಒಂದು ಮಾತು ಕೇಳಿಕೊಂಡರು. ಗಂಡನಿಗೆ ಮದುವೆಯ ಕರಿ ಕೋಟನ್ನೇ ತೊಡಿಸಬೇಕು ಎಂದು. ನೆಂಟರು ಹಾಗೇ ಮಾಡಿದರು. ವಿಭೂತಿ ಹಚ್ಚಿ, ಪತ್ರೆ ಏರಿಸಿ, ಕೂರಿಸಿ ಮಣ್ಣು ಮಾಡಿ ಬಂದರು.

ಕಾರ್ಯ ಮುಗಿದ ಮೇಲೆ ಕೊಟ್ರಮ್ಮನಿಗೆ ನೆನಪಾಯಿತು. ಕಲ್ಲೇಶಪ್ಪ ಸ್ವಂತ ದುಡಿಮೆಯಲ್ಲಿ ಕೊಂಡ ಹೊಲವನ್ನು ಹೆಂಡತಿಗೂ ಇಬ್ಬರು ಹೆಣ್ಣುಮಕ್ಕಳಿಗೂ ವಿಲ್ ಬರೆದಿಟ್ಟಿದ್ದರು. ಜೋಪಾನವಾಗಿರಲಿ ಎಂದು ಕೊಟ್ರಮ್ಮನೇ ಅದನ್ನು ಆ ಕೋಟಿನ ಒಳಜೇಬಿಗೆ ಹಾಕಿ ಹೊಲಿದಿದ್ದರು. ರಿಜಿಸ್ಟರ್ ಮಾಡಿಸಿರಲಿಲ್ಲ, ನಕಲೂ ಇರಲಿಲ್ಲ.

ಸುದ್ದಿ ಮೈದುನ ಮುರುಗೇಶಪ್ಪನ ಕಿವಿಗೆ ಬೀಳಲು ಎಷ್ಟು ಹೊತ್ತು ಬೇಕು? ಅಂಗಳದಲ್ಲೇ ನಿಂತು ಹೇಳಿದರು: "ವಿಲ್ ಇದ್ದಿದ್ರೆ ಬೇರೆ ಮಾತು ಅತ್ತಿಗೆ. ಇಲ್ಲಾಂದ್ ಮ್ಯಾಲೆ ಗಂಡುಮಕ್ಕಳಿಲ್ಲದೋನ ಹೊಲ ತಮ್ಮನಿಗೇ ಬರ್ತೈತೆ." ಊರಿನವರೂ ಹೌದೌದು ಎಂದರು. ಗೊತ್ತಿಲ್ಲದ ವಿಷಯಕ್ಕೆ ತಲೆಯಾಡಿಸುವುದು ನಮಗೆ ಯಾವಾಗಲೂ ಸಲೀಸು. ಮುಂಗಾರಿಗೆ ಹೊಲದಲ್ಲಿ ಮುರುಗೇಶಪ್ಪನ ನೇಗಿಲು ಇಳಿಯಿತು.

ಹಿರಿಯ ಮಗಳು ರುದ್ರಾಣಿ ಒಂದು ದಿನ ಸಲಿಕೆ ಹಿಡಿದು ಅಪ್ಪನ ಸಮಾಧಿಗೆ ಹೋದಳು. ಕೊಟ್ರಮ್ಮ ಹಿಂದೆಯೇ ಓಡಿ ಸಲಿಕೆ ಕಸಿದುಕೊಂಡರು.

"ಬ್ಯಾಡ ಮಗ. ಕೂರ್ಸಿ ಬಂದೀವಿ. ಎಬ್ಬಿಸಬಾರ್ದು."

ಅಂದಿನಿಂದ ಆ ತಾಯಿ ಸರಿಯಾಗಿ ಉಣ್ಣಲಿಲ್ಲ. ಮಕ್ಕಳ ಅನ್ನವನ್ನು ಕೈಯಾರೆ ಮಣ್ಣಿಗೆ ಹಾಕಿದೆ ಎಂದು ಕಂಡವರೆದುರು ಅತ್ತರು. ಸಮಾಧಾನ ಹೇಳಿದವರು ಬಹಳ ಜನ, ಅದು ಸುಳ್ಳು ಎಂದು ಹೇಳಿದವರು ಒಬ್ಬರೂ ಇಲ್ಲ. ದೀಪಾವಳಿಗೆ ಮುಂಚೆಯೇ ಕೊಟ್ರಮ್ಮನೂ ಹೋದರು. ರುದ್ರಾಣಿ ತಂಗಿಯನ್ನು ಶಾಲೆ ಬಿಡಿಸಿ, ಅವಳನ್ನೂ ಕರೆದುಕೊಂಡು ಅಪ್ಪನ ಹೊಲಕ್ಕೇ ಕೂಲಿಗೆ ಹೋಗತೊಡಗಿದಳು.

ಜಗಳೂರಿನಲ್ಲಿ ಉಚಿತ ಕಾನೂನು ನೆರವಿನ ಶಿಬಿರ ನಡೆದಾಗ ಮಹಿಳಾ ಮಂಡಳಿಯ ನಿರ್ಮಲಮ್ಮ ವಕೀಲರನ್ನು ಈ ವಿಷಯ ಕೇಳಿಕೊಂಡು ನೇರ ರುದ್ರಾಣಿಯ ಮನೆಗೆ ಬಂದರು. ರುದ್ರಾಣಿ ತಲೆ ಎತ್ತಲಿಲ್ಲ. ಕಾಗದವೇ ಮಣ್ಣಾಗಿದೆ, ಇನ್ನು ಯಾವ ಕಾನೂನು ಎಂದಳು.

"ಕಾಗದ ಬ್ಯಾಡ ಕಣವ್ವ," ಎಂದರು ನಿರ್ಮಲಮ್ಮ. "ವಿಲ್ ಇಲ್ದಿದ್ರೆ ಅಪ್ಪ ದುಡಿದು ತಗಂಡಿದ್ದ ಆಸ್ತಿ ಅವನ ತಾಯಿ, ಹೆಂಡ್ತಿ, ಮಕ್ಕಳಿಗೆ ಸಮಪಾಲು. ಹೆಣ್ಣು ಗಂಡು ಭೇದ ಇಲ್ಲ. ನೀವಿರಾಗ ನಿಮ್ ಚಿಕ್ಕಪ್ಪಗೆ ಒಂದು ಗೇಣೂ ಬರಲ್ಲ. ಐವತ್ತಾರನೇ ಇಸವಿಯಿಂದ್ಲೇ ಹಿಂಗೈತೆ ಕಾನೂನು."

ರುದ್ರಾಣಿ ನಂಬಲಿಲ್ಲ. ಎರಡೆರಡು ಸಲ ಹೇಳಿಸಿಕೊಂಡಳು. ಆಮೇಲೆ ಹೊಲದ ಮಾತೇ ಎತ್ತಲಿಲ್ಲ.

"ಹಂಗಾದ್ರೆ ನಮ್ಮವ್ವ ಏನೂ ತಪ್ಪು ಮಾಡಿರ್ಲಿಲ್ವ?"



ಈಗ ಅಕ್ಕತಂಗಿಯರು ಮರಣದ ದಾಖಲೆ, ವಂಶವೃಕ್ಷ ಹಿಡಿದು ತಾಲ್ಲೂಕು ಕಚೇರಿಯಲ್ಲಿ ಖಾತೆ ಬದಲಾವಣೆಗೆ ಅರ್ಜಿ ಹಾಕಿದ್ದಾರೆ. ಚಿಕ್ಕಪ್ಪ ತಕರಾರು ತೆಗೆದಿದ್ದಾರೆ. ಹೊಲ ಇವತ್ತಲ್ಲ ನಾಳೆ ಬಂದೀತು. ಕೊಟ್ರಮ್ಮ ಬರುವುದಿಲ್ಲ.

ಊರೂರಿನ ಅಕ್ಕತಂಗಿಯರೇ, ವಿಲ್ ಬರೆದರೆ ರಿಜಿಸ್ಟರ್ ಮಾಡಿಸಿ; ಕಳೆದರೂ ನೋಂದಣಿ ಕಚೇರಿಯಲ್ಲಿ ನಕಲು ಸಿಗುತ್ತದೆ. ವಿಲ್ ಇಲ್ಲವೆಂದು ಮಕ್ಕಳ ಹಕ್ಕು ಹೋಗುವುದಿಲ್ಲ. ಪಿತ್ರಾರ್ಜಿತ ಆಸ್ತಿಯಾದರೆ ಪಾಲಿನ ಲೆಕ್ಕ ಬೇರೆ, ವಕೀಲರನ್ನು ಕೇಳಿ. ಕೇಳದೆ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಬೇಡಿ. ನಿಮ್ಮ ಓಣಿಯಲ್ಲಿ ಕೊಟ್ರಮ್ಮನಂಥ ತಾಯಿ ಯಾರಾದರೂ ತನ್ನನ್ನೇ ಬೈದುಕೊಂಡು ಕುಳಿತಿದ್ದರೆ, ನಿನ್ನ ತಪ್ಪಿಲ್ಲ ಎಂದು ಹೋಗಿ ಹೇಳಿ. ಇವತ್ತೇ ಹೋಗಿ.