ಕಾಲು ಕಾಣದ ಹೋರಿ

ಮಧ್ಯಾಹ್ನದ ಕರೆಂಟು ಇನ್ನೂ ಬಂದಿರಲಿಲ್ಲ. ಬಸಲಿಂಗಯ್ಯನ ಪಡಸಾಲೆಯಲ್ಲಿ ಕಂಬಕ್ಕೆ ಬೆನ್ನು ಕೊಟ್ಟು ಕೂತಿದ್ದ ಶಿವವ್ವ ಗಳಿಗೆಗೊಮ್ಮೆ ಎದ್ದು ಬಾಗಿಲಿಗೆ ಹೋಗಿ ಬರುತ್ತಿದ್ದಳು. ಎದುರು ಗೋಡೆಯ ಮೇಲೆ ಹೊಸ ಟೀವಿ ಕರೀ ಹಲಗೆಯಂತೆ ತೂಗುತ್ತಿತ್ತು. ದೀಪಾವಳಿಗೆಂದು ಹಳಿಯಾಳದಿಂದ ತಂದದ್ದು. ಮೂಲೆಗೆ ಅಂಟಿಸಿದ್ದ ‘ಎಚ್‌ಡಿ’ ಚೀಟಿಯನ್ನು ಬಸಲಿಂಗಯ್ಯ ತಾನೂ ಕಿತ್ತಿರಲಿಲ್ಲ, ಮಂದಿಗೂ ಕೀಳಗೊಟ್ಟಿರಲಿಲ್ಲ.

“ಕುಂದರಬೇ ಶಿವವ್ವ. ನೀ ಅಡ್ಡಾಡಿದ್ರ ಕರೆಂಟ್ ಓಡಿ ಬರ್ತೈತೇನ?” ಎಂದಳು ಬಸಲಿಂಗಯ್ಯನ ಹೆಂಡತಿ ಗುರುಸಿದ್ದವ್ವ.

“ಕುಂತ್ರ ಎದಿ ಓಡತೈತಿ, ಗುರುಸಿದ್ದಿ. ಟೆಂಪೋ ಬರೂದ್ರಾಗ ಆ ಸೀಡಿ ಒಮ್ಮೆ ನೋಡಬೇಕು ನಾ.”

ಟೆಂಪೋ ಬರುವುದು ಗೋವೆ ಹಾದಿಯ ರಾಮನಗರದಿಂದ, ಶಿವವ್ವನ ‘ಕೌಲ’ ಎಂಬ ಹೋರಿಯನ್ನು ಒಯ್ಯಲಿಕ್ಕೆ. ರಾಮನಗರದ ದಲಾಲಿ ಒಯ್ದ ದನ ಗೋವೆಯ ಗಡಿ ದಾಟಿದ ಮೇಲೆ ಯಾರ ಗೋದಲಿಯಲ್ಲೂ ಮೇಯುವುದಿಲ್ಲ ಎಂಬುದು ಮುಂಡಗೋಡ ಸೀಮೆಯಲ್ಲಿ ಮಕ್ಕಳಿಗೂ ಗೊತ್ತು. ತಾಯಿ ಸತ್ತ ಕರುವನ್ನು ಬಾಟಲಿ ಹಾಲು, ರಾಗಿ ಅಂಬಲಿ ಕುಡಿಸಿ ಹೋರಿ ಮಾಡಿದವಳು ಶಿವವ್ವ. ಅದು ಅವಳ ಸೆರಗಿನ ವಾಸನೆಗೆ ಕಿವಿ ನಿಮಿರಿಸುತ್ತಿತ್ತು.

ಹೋರಿಯ ಮೇಲೆ ಬಂದ ಆರೋಪ ಸಣ್ಣದಲ್ಲ. ಹಬ್ಬದ ಹೋರಿ ಬೆದರಿಸುವ ಆಟದಲ್ಲಿ, ಕೊರಳಿಗೆ ಕೊಬ್ಬರಿ ಸರ, ಕೊಂಬಿಗೆ ಬಲೂನು ಕಟ್ಟಿಸಿಕೊಂಡು ಕೌಲ ಜನರ ನಡುವೆ ಓಡಿತ್ತು. ಸರ ಹರಿಯಲು ಕೈ ಹಾಕಿದ ತಾಂಡಾದ ಹುಡುಗ ಮಾಲತೇಶ ಬಿದ್ದು ತೊಡೆಯೆಲುಬು ಮುರಿದುಕೊಂಡ. ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ದುಡಿಯುವವನು ಹಬ್ಬಕ್ಕೆಂದು ಬಂದು ಹುಬ್ಬಳ್ಳಿ ದವಾಖಾನೆಯಲ್ಲಿ ಮಲಗಿದ. ಆಟದ ವೀಡಿಯೋ ಸೀಡಿಯನ್ನು ನಿನ್ನೆ ಬಸಲಿಂಗಯ್ಯನೂ ಸೇರಿ ಊರಿನ ಹಿರಿಯರು ಇದೇ ಟೀವಿಯಲ್ಲಿ ನೋಡಿ, ಹೋರಿ ಬೇಕಂತಲೇ ಮೈಮೇಲೆ ಹಾರಿ ತಿವಿದಿದೆ, ಊರಲ್ಲಿ ಇಡುವ ದನ ಅಲ್ಲ ಎಂದು ತೀರ್ಮಾನಿಸಿದ್ದರು. ಶಿವವ್ವ ಆಗ ತನ್ನ ತವರಿಗೆ ಹೋಗಿದ್ದಳು. ಅವಳು ಮರಳುವಷ್ಟರಲ್ಲಿ ಮಗ ಕಿರಣಕುಮಾರ ತಾನೇ ದಲಾಲಿಗೆ ಫೋನು ಮಾಡಿ ಮುಗಿಸಿದ್ದ.

“ಒಂದ್ ಮಾತು ನನ್ನ ಕೇಳಬಾರದೇನೋ?” ಎಂದರೆ, “ಹೋಗ್ಲಿ ಬಿಡಬೇ, ಪೀಡಾ ಹೋಗ್ಲಿ” ಎಂದು ಮುಖ ತಿರುವಿದ್ದ. ಆ ಹೋರಿಯ ಮೈ ತಿಕ್ಕದೆ ಉಣ್ಣದ ಹುಡುಗ. ಈಗಲೂ ಅವನು ಒಳಗೆ ಬರದೆ ಹೊಸ್ತಿಲಿಗೆ ಒರಗಿ ಉಗುರು ಕಡಿಯುತ್ತಿದ್ದ.

ಪಡಸಾಲೆಯ ಇನ್ನೊಂದು ಬದಿಗೆ ಮಾಲತೇಶನ ತಾಯಿ ಭೀಮಿಬಾಯಿ ಕೂತಿದ್ದಳು. ಬಂದಾಗಿನಿಂದ ನೀರು ಸಹ ಮುಟ್ಟಿರಲಿಲ್ಲ.

ಕರೆಂಟು ಬಂತು. ಬಸಲಿಂಗಯ್ಯ ಸೀಡಿ ಹಾಕಿದ. “ಎಚ್‌ಡಿ ಟೀವಿ ಇದು. ಇದರಾಗ ಸುಳ್ಳ ನಡಿಯೂದಿಲ್ಲ. ಇರುವಿ ಹೋದ್ರೂ ಕಾಣಸ್ತೈತಿ ಅಂತ ಅಂಗಡ್ಯಾವ ಹೇಳ್ಯಾನ.”

ಗೋಡೆ ತುಂಬ ಬಣ್ಣ ಚೆಲ್ಲಿತು. ಹುಲ್ಲು ಗಿಳಿಯ ಹಸಿರು, ಜನರ ಮುಖ ಕುಂಕುಮ. ಕೌಲ ಬಂತು. ಭುಜ, ಕೊರಳು, ಕೊಂಬು. ಕೊಂಬು ರಕ್ತದ ಕೆಂಪು. ಮಾಲತೇಶನ ತಲೆ ಅಡ್ಡ ಬಂತು. ಹೋರಿ ಧಡಕ್ಕನೆ ಮೇಲೆದ್ದಿತು, ತಲೆ ಕೆಳಗೆಲ್ಲೋ ಮಾಯವಾಯಿತು.

“ನೋಡಿದ್ಯೇನವ್ವ? ನನ್ನ ಮಗನ ರಗತ ಅದು, ಕೊಂಬಿನ್ಯಾಗ,” ಎಂದಳು ಭೀಮಿಬಾಯಿ.

ಶಿವವ್ವ ಟೀವಿಯ ಬುಡಕ್ಕೆ ಹೋಗಿ, ಅಂಚಿನ ಕೆಳಗೆ ಇಣುಕುವವಳಂತೆ ಬಗ್ಗಿದಳು.

“ಏನ ಹುಡುಕ್ತೀಬೇ?” ಎಂದಳು ಗುರುಸಿದ್ದವ್ವ.

“ಕಾಲು. ಹೋರಿ ಕಾಲೆಲ್ಲಿ ಅದಾವ? ದನ ಹಾಯೂಮುಂದ ಮೊದಲು ಮುಂಗಾಲು ಊರತೈತಿ. ಕಾಲು ನೋಡದ ಹೆಂಗ ಹೇಳಿದ್ರಿ, ಬೇಕಂತ ಹಾರೇತಿ ಅಂತ? ಮನಶ್ಯಾರ ಕಾಲೂ ಇಲ್ಲ. ನಿಮ್ಮ ಟೀವ್ಯಾಗ ಊರೆಲ್ಲಾ ಹೆಳವರಾ?”

ಗುರುಸಿದ್ದವ್ವ ಕಿಸಕ್ಕನೆ ನಕ್ಕಳು. “ನಮ್ಮ ಯಜಮಾನ್ರ ಕೆಲಸ ಅದು. ಹಳೇ ಸೀಡಿ ಹಾಕಿದ್ರ ಎರಡೂ ಬಾಜೂಕ ಕರೀ ಪಟ್ಟಿ ಬರ್ತಾವ. ಇಷ್ಟ ದೊಡ್ಡ ಟೀವಿ ತಂದು ಪಟ್ಟಿ ನೋಡೂದೇನು ಅಂತ ಮೊದಲು ಅಗಲಾ ಎಳದ್ರು. ಮಗಳ ಮದವಿ ಸೀಡ್ಯಾಗ ನಾ ಎಮ್ಮಿ ಆಗಿ ಬಂದೆ! ನಾ ಅನ್ನ ಬಿಟ್ಟು ಕುಂತೆ. ಆಮ್ಯಾಲೆ ಈ ಜೂಮ್ ಇಟ್ರು.”

“ಪರದೆ ತುಂಬೇತಿಲ್ಲೋ!” ಬಸಲಿಂಗಯ್ಯ ಗದರಿದ.

“ತುಂಬೇತ್ರಿ. ತುಂಬಿ ಚೆಲ್ಲೇತಿ. ಮ್ಯಾಲಿಂದು ಮ್ಯಾಲೆ, ಕೆಳಗಿಂದು ಕೆಳಗ.” ಗುರುಸಿದ್ದವ್ವ ಗಂಡನ ಕೈಯಿಂದ ರಿಮೋಟು ಎಳೆದುಕೊಂಡಳು.

“ಬ್ಯಾಡ ಬಿಡ್ರಿ ಅತ್ಯಾ,” ಹೊಸ್ತಿಲಿನಿಂದ ಕಿರಣಕುಮಾರನ ದನಿ ಬಂತು. “ಟೆಂಪೋ ಬರೂ ಹೊತ್ತಾತು. ಎಷ್ಟ ಸಲ ನೋಡಿದ್ರೂ ಅಷ್ಟ.”

ಶಿವವ್ವ ತಿರುಗಿ ಮಗನನ್ನು ನೋಡಿದಳು. ಅವನು ನೆಲ ನೋಡಿದ.

ಗುರುಸಿದ್ದವ್ವ ಸೀಡಿಯನ್ನು ಮತ್ತೆ ಶುರುವಿನಿಂದ ಹಚ್ಚಿ, ಮೊದಲು ಬಣ್ಣ ಇಳಿಸಿದಳು. ‘ಡೈನಾಮಿಕ್’ ಹೋಗಿ ‘ಸ್ಟ್ಯಾಂಡರ್ಡ್’ ಬಂದಾಗ ಪಡಸಾಲೆಯೇ ಒಮ್ಮೆ ಮಂಕಾದಂತಾಯಿತು. ಹುಲ್ಲು ಹುಲ್ಲಾಯಿತು. ಓಟದ ಮೊದಲಿಗೆ ಹೋರಿಯ ಪಕ್ಕ ನಿಂತ ಶಿವವ್ವನ ಸೀರೆ, ರಕ್ತದಂತೆ ಉರಿಯುತ್ತಿದ್ದದ್ದು, ಇಟ್ಟಂಗಿಯ ಬಣ್ಣಕ್ಕೆ ತಿರುಗಿತು. ಇವತ್ತೂ ಅವಳು ಅದೇ ಸೀರೆ ಉಟ್ಟಿದ್ದಳು. ಎಲ್ಲರೂ ಒಮ್ಮೆ ಅವಳನ್ನೂ ಒಮ್ಮೆ ಟೀವಿಯನ್ನೂ ನೋಡಿದರು. ಹೋರಿಯ ಎರಡೂ ಕೊಂಬಿನ ಮೇಲೆ ಅದೇ ಇಟ್ಟಂಗಿ ಕೆಂಪಿತ್ತು.

“ಹುರಮಂಜಿನ ಬಣ್ಣ,” ಎಂದಳು ಶಿವವ್ವ. “ಹಬ್ಬದ ಮುಂಜಾನೆ ನಾನ ಹಚ್ಚೀನಿ. ಬಿಡೂಕಿಂತ ಮೊದಲ ಕೊಂಬು ಕೆಂಪೈತಿ ನೋಡ ಭೀಮಿಬಾಯಿ.”

ಭೀಮಿಬಾಯಿ ಮುಂದಕ್ಕೆ ಸರಿದು ಕೂತಳು.

ಈಗ ಚಿತ್ರ ಕುಗ್ಗಿತು. ಎರಡೂ ಬದಿಗೆ ಕಪ್ಪು ಪಟ್ಟಿ ಬಂದವು, ಬಸಲಿಂಗಯ್ಯ ನಿಟ್ಟುಸಿರಿಟ್ಟ. ಆದರೆ ಮೇಲೆ ಬಲೂನು ಬಂದವು, ಕೆಳಗೆ ಧೂಳು ಬಂತು, ಧೂಳಿನಲ್ಲಿ ಕಾಲುಗಳು ಬಂದವು. ಕೌಲ ಓಡಿತು. ಅದರ ಮುಂಗಾಲಿನ ಪಕ್ಕ ನೀಲಿ ಗೆರೆಯೊಂದು ಹಾವಿನಂತೆ ಹರಿದು ಬಂತು. ಮಾಲತೇಶನ ಹೆಜ್ಜೆ ಅದರೊಳಗೆ ಸಿಕ್ಕಿತು. ಗೆರೆ ಬಿಗಿಯಿತು. ಹೋರಿಯ ಕೊರಳು ಹಿಂದಕ್ಕೆ ಜಗ್ಗಿತು, ಮುಂಗಾಲು ಊರಲು ನೆಲ ಸಿಗದೆ ಮೇಲೆದ್ದವು.

ಹಗ್ಗ.

ಬಸಲಿಂಗಯ್ಯ ಕಪ್ಪು ಪಟ್ಟಿಯನ್ನೇ ನೋಡುತ್ತಿದ್ದ. ಗುರುಸಿದ್ದವ್ವ ರಿಮೋಟು ನೋಡುತ್ತಿದ್ದಳು. ಭೀಮಿಬಾಯಿಯ ಕಣ್ಣು ಮಗನ ಮುಖ ಬಿಟ್ಟು ಕದಲಿರಲಿಲ್ಲ. ಶಿವವ್ವನಿಗೆ ಅನ್ನಿಸಿತು: ಇಲ್ಲಿಗೇ ಸುಮ್ಮನಾದರೆ ಸಾಕು. ರಕ್ತ ಅಲ್ಲ ಎಂದು ಕಂಡಾಯಿತು. ಹೋರಿಯೂ ಉಳಿದೀತು, ಅದನ್ನು ಓಟಕ್ಕೆ ಬಿಟ್ಟ ಮಗನೂ ಉಳಿದಾನು. ಕಂಬದ ತನಕ ಹೋದಳು, ತಿರುಗಿ ಬಂದಳು.

“ಅಲ್ಲೇ ನಿಲ್ಲಸು, ಗುರುಸಿದ್ದಿ. ಹಿಂದಕ್ಕ ತಗೋ.”

ಚಿತ್ರ ನಿಂತಿತು. ಶಿವವ್ವ ಗಾಜಿನ ಮೇಲೆ ಬೆರಳಿಟ್ಟಳು.

“ಇದು ನಮ್ಮ ಮನಿ ನೀಲಿ ಹಗ್ಗ. ಬಿಡೂಮುಂದ ಬಿಚ್ಚೂದು ನೇಮ. ಬಿಚ್ಚಿಲ್ಲ.”

ಕಿರಣಕುಮಾರನ ದನಿ ಹೊಸ್ತಿಲಲ್ಲೇ ಮುರಿಯಿತು. “ಓಟದ ಆಚಿ ತುದಿಗೆ ಲಗೂನ ಹಿಡೀಲಿಕ್ಕೆ ಬರ್ಲಿ ಅಂತ ಬಿಟ್ಟಿದ್ನಬೇ. ಕೊರಳಿಗೆ ಸುತ್ತಿ ಸಿಗಿಸಿದ್ದೆ... ಬಿಚ್ಚಿಕೊಳ್ತೈತಿ ಅಂತ ಗೊತ್ತಿರಲಿಲ್ಲ.”

ಭೀಮಿಬಾಯಿ ನಿಧಾನವಾಗಿ ಎದ್ದಳು. “ನಿನ್ನೆ ನಮ್ಮ ಮನಿಗೆ ಹಾಲು ತಂದಿದ್ದ್ಯಲ್ಲೋ, ಕಿರಣಾ. ಹೋರಿ ಕೊಟ್ಟಬಿಡ್ತೇವಿ ಯಕ್ಕಾ ಅಂದಿ. ಅವಾಗೂ ನಿನಗ ಗೊತ್ತಿತ್ತು.”

ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ.

“ಮೂಕ ಪ್ರಾಣಿ ತಲಿ ಮ್ಯಾಲೆ ಹಾಕಿ ಕುಂತ್ಯಲ್ಲ.” ಅವಳು ಶಿವವ್ವನ ಕಡೆ ತಿರುಗಿದಳು. “ಹೋರಿ ಹೋದ್ರ ನನಗೇನ ಬಂತವ್ವ? ಇಟಗೋ. ನನ್ನ ಗದ್ದ್ಯಾಗ ಭತ್ತ ಒಣಗಿ ಉದುರಾಕ ಹತ್ತೇತಿ, ಕೊಯ್ಯಾವ ದವಾಖಾನ್ಯಾಗ ಅದಾನ. ಮುಂಜಾನೆ ಇವನ ಕೈಯಾಗ ಕುಡಗೋಲು ಕೊಟ್ಟು ಕಳಸು. ಮಾಲತೇಶ ಎದ್ದ ನಡಿಯೂತನಾ ಅಂವ ನನ್ನ ಮನಿ ಆಳು. ಆದ್ರ ಒಂದು, ನನ್ನ ಜೋಡಿ ಮಾತಾಡಬಾರದು.”

“ಕಳಸ್ತೇನಿ,” ಎಂದಳು ಶಿವವ್ವ.

ಭೀಮಿಬಾಯಿ ಚಪ್ಪಲಿ ಮೆಟ್ಟಿ ಹೋದಳು. ಬಾಗಿಲಲ್ಲಿ ಕಿರಣಕುಮಾರ ಸರಿದು ದಾರಿ ಬಿಟ್ಟ. ಅವಳು ಅವನಿದ್ದಲ್ಲಿ ಕಂಬವಿದ್ದಂತೆ ದಾಟಿದಳು.

ಹೊರಗೆ ಟೆಂಪೋದ ಹಾರ್ನು ಕೇಳಿಸಿತು. ಶಿವವ್ವ ಹೋರಿಯನ್ನು ಕಟ್ಟಿದ್ದ ಬೇವಿನ ಮರದತ್ತ ಓಡುವವಳಂತೆ ನಡೆದು, “ಹೋರಿ ಕೊಡೂದಿಲ್ರಿ, ತಿರುಗಸ್ರಿ ಗಾಡಿ” ಎಂದಳು. ದಲಾಲಿ ಏನೋ ಬೈದ. ಅದು ಅವಳ ಕಿವಿಗೆ ಬೀಳಲಿಲ್ಲ. ಕೌಲ ಕಿವಿ ನಿಮಿರಿಸಿ ಅವಳ ಸೆರಗು ಮೂಸಿತು.

ಅವಳು ಮರದ ಗಂಟು ಬಿಚ್ಚಿದಳು. ಅದೇ ನೀಲಿ ಹಗ್ಗ. ಮಗ ಹಿಂದಿನಿಂದ ಬಂದು, “ತಾರಬೇ, ನಾ ಹಿಡೀತೇನಿ” ಎಂದು ಕೈ ಚಾಚಿದ.

ಶಿವವ್ವ ಹಗ್ಗ ಕೊಡಲಿಲ್ಲ. ಹೋರಿಯ ಕೊರಳಿನ ಸುತ್ತನ್ನು ಮುಟ್ಟಿ ನೋಡಿದಳು, ನಾಲ್ಕು ಹೆಜ್ಜೆ ನಡೆದು ನಿಂತು ಮತ್ತೆ ಮುಟ್ಟಿ ನೋಡಿದಳು. ಉಳಿದ ಹಗ್ಗವನ್ನು ನೆಲಕ್ಕೆ ತಾಗದಂತೆ ಮೊಣಕೈಗೆ ಸುತ್ತಿಕೊಂಡು, ಮನೆ ಮುಟ್ಟುವ ತನಕ ಹೋರಿಯ ಕಾಲನ್ನೂ ಮಗನ ಕಾಲನ್ನೂ ನೋಡುತ್ತಲೇ ನಡೆದಳು.