ಹೆಬ್ಬೆರಳು ಮುಚ್ಚಿದ ಚೌಕ

೨೦೦೬ರ ವಸಂತದಲ್ಲಿ ಅಮೆರಿಕದ ವುಡಿನ್‌ವಿಲ್ ಊರಿನ ಒಂದು ಸಮುದಾಯ ಭವನದಲ್ಲಿ ಹಳೆಯ ಪತ್ರಿಕೆಗಳ ಚಿತ್ರಕಥೆಗಳ ಪ್ರದರ್ಶನ ಏರ್ಪಾಡಾಗಿತ್ತು. ಗದಗಿನ ವೈಶಾಲಿಗೆ ಮೊದಲಿನಿಂದಲೂ ಚಿತ್ರ ಬರೆಯುವ ಹುಚ್ಚು. ಗಂಡನ ವೀಸಾದ ಮೇಲೆ ಬಂದವಳು ನೌಕರಿ ಮಾಡುವಂತಿರಲಿಲ್ಲ. ಪುಟಗಳಿಗೆ ಚೌಕಟ್ಟು ಹಾಕಿಕೊಡುತ್ತೇನೆಂದು ತಾನಾಗಿ ಸೇರಿಕೊಂಡಳು. ಪುಟಗಳೆಲ್ಲ ಹೆರಾಲ್ಡ್ ಎಂಬ ಹಿರಿಯರವು. ಅವರ ತಂದೆ ನಲವತ್ತರ ದಶಕದಲ್ಲಿ ಕತ್ತರಿಸಿ ಜೋಪಾನ ಮಾಡಿದ್ದವು.

ಒಂದು ಮಧ್ಯಾಹ್ನ ಅವುಗಳಲ್ಲೊಂದು ಪುಟ ಅವಳ ಕೈಗೆ ಬಂತು. ಬಿಳಿಯರ ಕುಟುಂಬವೊಂದು ರೈಲಿನಲ್ಲಿ ಹೊರಟಿದೆ. ಅಪ್ಪನಿಗೆ ಅವನದೇ ಮೂಗು, ಅಜ್ಜಿಗೆ ಅವಳದೇ ನಡಿಗೆ. ಊಟದ ಬೋಗಿಯ ಕರಿಯ ಅಡುಗೆಯವರಿಗೆ ಮಾತ್ರ ಎಲ್ಲರಿಗೂ ಒಂದೇ ಮುಖ: ಇದ್ದಿಲುಂಡೆಯಂಥ ತಲೆ, ಊದಿದ ತುಟಿ, ಹೊರಬಿದ್ದ ಕಣ್ಣುಗುಡ್ಡೆ. ವೈಶಾಲಿ ಆ ಕುಟುಂಬದ ನಾಯಿಯ ಮುಖವನ್ನು ಮತ್ತೊಮ್ಮೆ ನೋಡಿದಳು. ನಾಯಿಯ ಮುನಿಸನ್ನೂ ಬರೆಯಬಲ್ಲ ಕೈ ಅದು. ಬರೆಯಲು ಬಾರದೆ ಅಲ್ಲ, ನೋಡಲು ಮನಸ್ಸಿಲ್ಲದೆ ಹಾಗೆ ಬರೆದಿತ್ತು.

ಅವಳ ಜೊತೆ ಕೆಲಸ ಮಾಡುತ್ತಿದ್ದ ಡೊಲೊರೆಸ್ ನಿವೃತ್ತ ಶಿಕ್ಷಕಿ, ಕಪ್ಪು ಜನಾಂಗದವರು. ಅವರ ಕಣ್ಣಿಗೆ ಬೀಳದಿರಲೆಂದು ವೈಶಾಲಿ ಪುಟವನ್ನು ಡ್ರಾಯರಿನೊಳಗೆ ಸೇರಿಸಿದಳು. ಮನೆಗೆ ಬಂದು ಗಂಡ ರವಿಕಿರಣನಿಗೆ ಹೇಳಿದಳು: "ಪಾಪ, ಅವ್ರಿಗೆ ನೋವಾಗ್ತದಂತ ತಗದಿಟ್ಟೀನ್ರೀ."

"ಅವ್ರನ್ನ ಒಂದ್ ಮಾತು ಕೇಳಿದೇನು?" ಅಂದ ಅವನು.

ಕೇಳಿರಲಿಲ್ಲ. ಮರುದಿನ ಹೋದವಳೇ ಪುಟವನ್ನು ತೆಗೆದು ಡೊಲೊರೆಸ್ ಮುಂದಿಟ್ಟಳು. ಅವರು ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು.

"ಈ ಪೇಪರ್ ನಮ್ಮನೇಗೂ ಬರ್ತಿತ್ತು ಕಣಮ್ಮ. ನಮ್ಮಪ್ಪ ರೈಲಲ್ಲಿ ಅಡುಗೆ ಮಾಡ್ತಿದ್ರು. ಭಾನುವಾರ ತೊಡೆ ಮೇಲೆ ಕೂರಿಸ್ಕೊಂಡು ಓದಿ ಹೇಳೋರು. ಇಂಥ ಚೌಕ ಬಂದಾಗ ಅದರ ಮೇಲೆ ಹೆಬ್ಬೆರಳು ಇಟ್ಟು, ತಾವೇ ಒಂದು ಕಥೆ ಕಟ್ಟೋರು. ಒಂದಿನ ನಾನು ಅವರ ಬೆರಳೆತ್ತಿ ನೋಡ್ಬಿಟ್ಟೆ."

"ಆಮೇಲೆ?"

"ಅಪ್ಪ ನಾಚ್ಕೊಂಡ್ರು. ನಾಚ್ಕೋಬೇಕಾದೋರು ಅವರಾಗಿರ್ಲಿಲ್ಲ."

ಬಾಗಿಲಲ್ಲಿ ನಿಂತಿದ್ದ ಹೆರಾಲ್ಡ್ ಇದನ್ನೆಲ್ಲ ಕೇಳಿಸಿಕೊಂಡಿದ್ದರು. ಅವರ ಮುಖ ಕೆಂಪೇರಿತು. "ನಮ್ಮಪ್ಪ ಕೆಟ್ಟೋರಲ್ಲ. ನಗೋಕೆ ಅಂತ ಇಟ್ಕೊಂಡಿದ್ರು, ಅಷ್ಟೇ. ಬೇಡ ಅಂದ್ರೆ ಎಲ್ಲಾ ವಾಪಸ್ ತಗೊಂಡು ಹೋಗ್ತೀನಿ."

"ಬೇಡ ಅಂತ ಯಾರಂದ್ರು? ಗೋಡೆಗೆ ಹಾಕಿ," ಅಂದರು ಡೊಲೊರೆಸ್. "ಪಕ್ಕದಲ್ಲಿ ನಮ್ಮಪ್ಪನೂ ಇರ್ಲಿ."

ಅಪ್ಪನದೆಂದು ಡೊಲೊರೆಸ್ ಬಳಿ ಇದ್ದದ್ದು ಮಾಸಿದ ಒಂದೇ ಫೋಟೋ. ಅದನ್ನಿಟ್ಟುಕೊಂಡು ವೈಶಾಲಿ ಚಿತ್ರ ಬರೆಯಲು ಕೂತಳು. ಹುಬ್ಬಿನ ಮೇಲೆ ಕಾದ ಎಣ್ಣೆ ಸಿಡಿದ ಕಲೆ, ಮುಂದಿನ ಹಲ್ಲುಗಳ ನಡುವೆ ಸಂದಿ, ನಗು ಬಂದರೆ ಮೊದಲು ಎಡಗಣ್ಣು ಕಿರಿದಾಗುವುದು: ಡೊಲೊರೆಸ್ ಒಂದೊಂದಾಗಿ ಹೇಳುತ್ತ ಹೋದರು. ಹೆರಾಲ್ಡ್ ಮುಖ ಗಂಟಿಕ್ಕಿಕೊಂಡೇ ಮೂಲೆಯ ಕುರ್ಚಿ ಹಿಡಿದರು, ಎದ್ದು ಮಾತ್ರ ಹೋಗಲಿಲ್ಲ. ಸಂಜೆ ಹೊತ್ತಿಗೆ ಅವರ ಕುರ್ಚಿ ಮೇಜಿನ ಹತ್ತಿರ ಬಂದಿತ್ತು.

"ನಿಮ್ಮಪ್ಪನ ಹೆಸರೇನು?" ಎಂದರು ಮೆಲ್ಲಗೆ.

"ಕ್ಲಾರೆನ್ಸ್."

"ಏನು ಚೆನ್ನಾಗಿ ಮಾಡ್ತಿದ್ರು?"

"ಮೀನಿನ ಸೂಪ್. ಮನೇಲಿ ಮಾತ್ರ ಅಡುಗೆಮನೆ ಕಡೆ ತಲೆ ಹಾಕ್ತಿರ್ಲಿಲ್ಲ!" ಡೊಲೊರೆಸ್ ನಕ್ಕರು. ಹೆರಾಲ್ಡ್‌ಗೂ ನಗು ತಡೆಯಲಾಗಲಿಲ್ಲ.

ಪ್ರದರ್ಶನದ ದಿನ ಆ ಎರಡು ಚೌಕಟ್ಟುಗಳ ಹತ್ತಿರ ನಿಂತವರು ಹೆರಾಲ್ಡೇ. ಬಂದವರಿಗೆಲ್ಲ ಹೇಳಿದರು: "ಇದನ್ನ ನೋಡಿ ನಕ್ಕು ಬೆಳೆದವನು ನಾನು. ಇವರು ಕ್ಲಾರೆನ್ಸ್. ಅಲ್ಲಿ ಕೂತಿದಾರಲ್ಲ, ಅವರು ಇವರ ಮಗಳು. ಅವರ ಹತ್ರ ಕೇಳಿ." ಡೊಲೊರೆಸ್ ಸುತ್ತ ಜನ ಸೇರಿದರು. ಅವರ ಮಾತು ಮುಗಿಯುವಂತಿರಲಿಲ್ಲ.

ಮನೆಗೆ ಹೋಗುವಾಗ ಕಾರಿನಲ್ಲಿ ವೈಶಾಲಿ ಗಂಡನಿಗೆ ಹೇಳಿದಳು: "ಒಬ್ರು ಜಪಾನಿ ಅಜ್ಜಿ ಬಂದಿದ್ರು. ಯುದ್ಧದ ಕಾಲದಾಗ ಪೇಪರ್‌ನವ್ರು ಅವ್ರ ಜನಾನ್ನೆಲ್ಲಾ ಬರೇ ಹಲ್ಲು, ಕನ್ನಡಕ ಮಾಡಿ ಬರೀತಿದ್ರಂತ. ನಮ್ಮಣ್ಣನ್ನ ಬರದು ಕೊಡ್ತೀಯೇನವಾ ಅಂತ ಕೇಳಿದ್ರು."

"ನೀ ಏನಂದಿ?"

"ಮಂಗಳವಾರ ಬರ್ರಿ ಅಂದೆ. ಅಣ್ಣ ಹೆಂಗ ನಗ್ತಿದ್ರು ಅಂತ ನೆನಪು ಮಾಡ್ಕೊಂಡು ಬರ್ರಿ ಅಂದೆ."