ಬನ್ನಿ ಎಲೆಯ ಗುಲಾಬಿ ಅಚ್ಚು

ಫಿನಾಯಿಲ್ ವಾಸನೆ, ಅದರ ಮೇಲೆ ಊದಿನಕಡ್ಡಿ, ಸಂಜೆಯಾದರೂ ಹೋಗಿಲ್ಲ, ಸೂಕ್ಷ್ಮದರ್ಶಕಕ್ಕೂ ಚೆಂಡುಹೂವು, ತಕ್ಕಡಿಗೂ ವಿಭೂತಿ, ಫ್ರಿಜ್ಜಿನ ಬಾಗಿಲಿಗೂ — ನಿನ್ನೆ ಆಯುಧಪೂಜೆ, ನಾನು ಕೊಟ್ಟೂರಿನ ಮನೆಯಲ್ಲಿ ಹೋಳಿಗೆ ಲಟ್ಟಿಸುತ್ತಿದ್ದೆ, ಇಲ್ಲಿ ಹಗರಿಬೊಮ್ಮನಹಳ್ಳಿಯ ಕಾಲೇಜಿನಲ್ಲಿ ಲ್ಯಾಬಿನ ಕೆಲಸದ ಹುಲುಗಮ್ಮ ಎಲ್ಲವನ್ನೂ ಉಜ್ಜುತ್ತಿದ್ದಳು, ಎಲ್ಲವನ್ನೂ. ಬೆಳಿಗ್ಗೆ ನಾನು ಬಂದಾಗ ಬಾಗಿಲಲ್ಲೇ ಹೇಳಿದಳು, ಫ್ರಿಜ್ಜಿನ್ಯಾಗ ನಳಿಗಿಗೆಲ್ಲಾ ಬೂಷ್ಟು ಹಿಡಿದಿತ್ರಿ ಮೇಡಮ್ಮೋರೆ, ಹಬ್ಬದ ದಿನ ಹಂಗ ಇಡಬಾರದಂತ ಕುದಿಯೋ ನೀರು ಹಾಕಿ ತೊಳದೀನ್ರಿ. ಮುಖದಲ್ಲಿ ಎಂಥ ಹಿಗ್ಗು. ಬೂಷ್ಟಂತೆ, ನನ್ನ ಯೀಸ್ಟು, ಲೋಕದಲ್ಲಿ ಯಾರೂ ಇನ್ನೂ ಹೆಸರಿಡದ ಜೀವ, ಆ ನಳಿಕೆಗಳನ್ನು ಬಿಟ್ಟರೆ ಬೇರೆಲ್ಲೂ ಇಲ್ಲದ್ದು. ಬೈಯಲು ಬಾಯಿ ತೆರೆದವಳು ಚಲೋ ಮಾಡಿದಿ ಬಿಡು ಎಂದೆ, ಯಾಕೆ ಹಾಗೆಂದೆನೋ, ಹಬ್ಬದ ಸೀರೆ ಉಟ್ಟು ನಿಂತವಳಿಗೆ ಇನ್ನೇನು ಹೇಳಲಿ, ನಿನ್ನ ಭಕ್ತಿ ನನ್ನ ಮನೆ ಹಾಳು ಮಾಡಿತು ಎಂದೇ, ಅವಳ ಹಿಂದೆ ಕಿಟಕಿಯಲ್ಲಿ ಗಾಜಿನ ನಳಿಕೆಗಳು ಸಾಲಾಗಿ ನಿಂತಿದ್ದವು, ಒಂದೊಂದಕ್ಕೂ ಕುಂಕುಮದ ಬೊಟ್ಟು.

ವರ್ಷಗಳ ಹಿಂದಿನ ಆ ಚಳಿಗಾಲದ ಮುಂಜಾನೆ ಹೊಸಹಳ್ಳಿಯ ರಸ್ತೆ ಪಕ್ಕದ ಬನ್ನಿಮರ, ಅಪರೂಪಕ್ಕೆ ಮಂಜು ಬಿದ್ದಿತ್ತು, ಒಂದು ಎಲೆ ಕಿತ್ತು ತಂದು ತಟ್ಟೆಯ ಮುಚ್ಚಳದ ಒಳಗೆ ವ್ಯಾಸಲೀನ್ ಹಚ್ಚಿ ಅಂಟಿಸಿದೆ, ಮೇಲೆ ಎಲೆ, ಕೆಳಗೆ ತಟ್ಟೆಯಲ್ಲಿ ಯೀಸ್ಟಿಗೆ ಉಣ್ಣಲು ಹೆಪ್ಪುಗಟ್ಟಿದ ಗಂಜಿಯಂಥ ಅಗರ್, ಎರಡೂ ಮುಟ್ಟುವುದಿಲ್ಲ, ಎಲೆಯ ಮೇಲಿನ ಯೀಸ್ಟು ತನ್ನ ಬೀಜಕಗಳನ್ನು ತಾನೇ ಕೆಳಕ್ಕೆ ಚಿಮ್ಮಬೇಕು, ಮತ್ತೆ ಒಂದು ದಿನ ನೋಡಿದರೆ ಅಗರಿನ ಮೇಲೆ ಗುಲಾಬಿ ಬಣ್ಣದಲ್ಲಿ ಬನ್ನಿ ಎಲೆ, ಪುಟ್ಟ ಬಾಚಣಿಗೆಯ ಹಲ್ಲಿನಂಥ ಒಂದೊಂದು ಕಿರಿಎಲೆಯೂ ಬಿಡದೆ, ಒಬ್ಬಳೇ ನಕ್ಕುಬಿಟ್ಟೆ. ಆಮೇಲೆ ಅದು ಯಾವ ಸಕ್ಕರೆ ತಿನ್ನುತ್ತದೆ, ಯಾವುದನ್ನು ಮೂಸುವುದೂ ಇಲ್ಲ, ಎಷ್ಟು ಬಿಸಿ ತಡೆಯುತ್ತದೆ, ಹಟಮಾರಿ ಮಗುವಿಗೆ ಉಣಿಸಿದಂತೆ ವರ್ಷಗಟ್ಟಲೆ, ಯಾವ ಪುಸ್ತಕದಲ್ಲೂ ಇಲ್ಲದ್ದು ಎಂದು ಖಾತ್ರಿಯಾದ ಮೇಲೆ ಲ್ಯಾಟಿನ್ನಿನಲ್ಲಿ ವರ್ಣನೆ, ಬಳ್ಳಾರಿಯ ಮುದಿ ಪಾದ್ರಿ ತಿದ್ದಿಕೊಟ್ಟದ್ದು, ಹೆಸರು ಆ ಮರವಿರುವ ತಾಲ್ಲೂಕಿನದೇ, ಕುಡ್ಲಿಗಿಯೆನ್ಸಿಸ್, ಎಲ್ಲ ತಯಾರು. ಹೆಸರು ನಿಲ್ಲಬೇಕಂದ್ರ ಜೀವ ಇರೋ ತಳಿನ ಸಂಗ್ರಹಾಲಯಕ್ಕ ಮುಟ್ಟಿಸಬೇಕು ಗಂಗಾಂಬಿಕಾ, ಇಲ್ಲಾಂದ್ರ ನೀ ಬರದಿದ್ದು ಬರೀ ಹಾಳಿ, ಎನ್ನುತ್ತಿದ್ದರು ನನ್ನ ಗೈಡು ವೀರಭದ್ರಯ್ಯ ಸರ್. ಮೊದಲ ಪಾರ್ಸೆಲ್ ದಾರಿಯ ಬಿಸಿಲಿಗೆ ಬೆಂದು ಸತ್ತಿತ್ತು, ಎರಡನೆಯದನ್ನು ಈ ಹಬ್ಬ ಮುಗಿದೊಡನೆ ಕಳಿಸುವುದಿತ್ತು, ಈಗ ಕಳಿಸಲು ಏನಿದೆ, ಕುಂಕುಮವೇ.

ಹುಚ್ಚಿಯ ಹಾಗೆ ಬಸ್ಸು ಹತ್ತಿ ಹೊಸಹಳ್ಳಿಗೆ ಹೋದೆ. ಆ ಒಂದು ಮರವನ್ನು ಬಿಟ್ಟು ಬೇರೆಲ್ಲೂ ಅದು ಸಿಕ್ಕಿಲ್ಲ, ಅಲ್ಲೂ ಎರಡನೆಯ ಸಲ ಸಿಕ್ಕಿಲ್ಲ, ಗೊತ್ತಿದ್ದೂ ಹೋದೆ. ಇವತ್ತು ವಿಜಯದಶಮಿ, ಊರೆಲ್ಲ ಬನ್ನಿ ಕಿತ್ತು ಹಂಚುವ ದಿನ ಎಂಬುದು ಮರ ಕಂಡ ಮೇಲೆ ತಲೆಗೆ ಹೊಳೆಯಿತು, ಬೋಳು, ತುದಿಯಲ್ಲೂ ಹಸಿರಿಲ್ಲ. ಈ ಸಲ ಮಂದಿ ಭಾಳ ರೀ ಅಕ್ಕಾರ, ಟೊಂಗಿ ಸಹಿತ ಮುರಕೊಂಡು ಹೋದ್ರು, ಎಂದ ಕಟ್ಟೆಯ ಮೇಲಿದ್ದ ಮುದುಕ, ತನ್ನ ಟವಲಿನಿಂದ ನಾಲ್ಕು ಎಲೆ ತೆಗೆದುಕೊಟ್ಟ, ಬೆವರು, ಅರಿಷಿಣ, ಎಷ್ಟು ಕೈ ದಾಟಿ ಬಂದವೋ, ತಂದು ಮುಚ್ಚಳಕ್ಕೆ ಅಂಟಿಸಿದ್ದೇನೆ, ಕಪ್ಪು ಬೂಷ್ಟು ಬರುತ್ತದೆ, ಅದು ಮಾತ್ರ ಖಂಡಿತ ಬರುತ್ತದೆ, ಇನ್ನು ಕಾಯಲು ನನ್ನಲ್ಲಿ ಏನೂ ಉಳಿದಿಲ್ಲ. ಬಾಗಿಲಲ್ಲಿ ಬಳೆ ಸದ್ದು, ಹುಲುಗಮ್ಮ, ಬನ್ನಿ ತಗೋರಿ ಮೇಡಮ್ಮೋರೆ, ಬಂಗಾರದಂಗ ಇರೂಣು, ಎಲೆ ಹಿಡಿದ ಕೈಯಲ್ಲಿ ಬಿಸಿನೀರಿನ ಬೊಬ್ಬೆ, ತಗೊಂಡೆ, ನಾನೂ ಬಂಗಾರದಂಗ ಇರೂಣು ಅಂದೆ, ಕೈ ಸುಟ್ಟೈತೇನು ಎಂದು ಕೇಳಿದೆ, ಅಷ್ಟು ಬಿಸಿ ಇಲ್ಲದಿದ್ರ ಅದು ಬಿಡವಲ್ದಾಗಿತ್ರಿ, ಗಾಜಿಗೆ ಗಟ್ಟಿ ಹಿಡಕೊಂಡಿತ್ತು, ಎಂದಳು, ಹಿಡಕೊಂಡಿತ್ತಂತೆ, ಅವಳ ಹೆಗಲಾಚೆ ಕಿಟಕಿ, ನಳಿಕೆಗಳು, ಒಳಗೆ ಏನೂ ಇಲ್ಲ, ಆಚೆಯ ಸರಳು ನೆಟ್ಟಗೆ ಕಾಣುತ್ತದೆ, ಅಷ್ಟು ಸ್ವಚ್ಛ, ಗಾಜು, ಕುಂಕುಮ, ಗಾಜು, ಕುಂಕುಮ, ಗಾಜು